ಹಂದಿ ಈಡು, ರೇಂಜ್ ಇಲ್ಲದ ಗುಡ್ಡೆ, ಉಪಗ್ರಹ ಸಂಪರ್ಕ ಸಾಧನ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ದೇಲಂಪಾಡಿ, ಕಾರಡ್ಕ, ಮುಳಿಯಾರು, ಬೆಳ್ಳೂರು, ಎಣ್ಮಕಜೆ ಕಡೆ ಕಾಡುಹಂದಿಯ ಕಾಟ ತಡೆಯಲಾರದೆ ಪಂಚಾಯತಿಯ ಆದೇಶದ ಮೇಲೆ ಕೋವಿ ಹಿಡಿದು ಹೊರಡುವವರಿದ್ದಾರೆ. ಅವರಿಗೂ ಅವರ ಮನೆಯವರಿಗೂ ಇರುವ ಸಂದೇಹಗಳು ಇಲ್ಲಿವೆ. ವಿದೇಶದಲ್ಲಿರುವ ಮಕ್ಕಳು, ಸೋದರಳಿಯಂದಿರು ಕೇಳುವ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದೆ.

ಅಮೆರಿಕದ ಬೇಟೆಗಾರರೆಲ್ಲ ಉಪಗ್ರಹ ಸಂಪರ್ಕ ಸಾಧನ ಒಯ್ಯುತ್ತಾರಂತೆ. ನಾವೂ ಒಂದು ತರಿಸಿಕೊಳ್ಳಬಹುದೇ?

ಬೇಡ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥ ಸಾಧನವನ್ನು ಭಾರತದಲ್ಲಿ ಬಳಸುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಅಪರಾಧ. 1933ರ ಭಾರತೀಯ ನಿಸ್ತಂತು ಟೆಲಿಗ್ರಾಫಿ ಕಾಯ್ದೆಯ ಕಾಲದಿಂದಲೂ ನಿಯಮ ಹೀಗೆಯೇ ಇದೆ. 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣವನ್ನು ಹೊಂದಿರುವುದಕ್ಕೇ ಅನುಮತಿ ಬೇಕೆನ್ನುತ್ತದೆ. ಕೈಯಲ್ಲಿ ಕೋವಿ, ಜೇಬಿನಲ್ಲಿ ಉಪಗ್ರಹಕ್ಕೆ ಸಂದೇಶ ಕಳುಹಿಸುವ ಯಂತ್ರ, ಮೇಲಾಗಿ ಎರಡು ರಾಜ್ಯಗಳ ಗಡಿಯ ಕಾಡಂಚು! ತಪಾಸಣೆಗೆ ನಿಂತ ಪೊಲೀಸರಿಗೆ ನೀವು ಏನೆಂದು ವಿವರಿಸುತ್ತೀರಿ ಎಂಬುದನ್ನು ಒಮ್ಮೆ ಊಹಿಸಿಕೊಳ್ಳಿ.

ಪ್ರಾಣ ಉಳಿಸುವ ಯಂತ್ರಕ್ಕೆ ಇಷ್ಟು ಬಿಗಿ ಏಕೆ?

2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಉಪಗ್ರಹ ಫೋನ್ ಬಳಸಿದ್ದರು. ಆಮೇಲೆ ತುರಾಯ, ಇರಿಡಿಯಂ ಜಾಲಗಳ ಸಾಧನಗಳ ಮೇಲೆ ಸರ್ಕಾರದ ಕಣ್ಣು ಬಿಗಿಯಾಯಿತು. ನಮ್ಮ ಮೊಬೈಲ್ ಕರೆ ದೇಶದೊಳಗಿನ ಜಾಲದಲ್ಲಿ ಸಾಗುವುದರಿಂದ ಕಾನೂನುಬದ್ಧವಾಗಿ ಅದನ್ನು ಪತ್ತೆಹಚ್ಚಲು ಸಾಧ್ಯ. ಇರಿಡಿಯಂ ಸಂದೇಶವಾದರೋ ನಮ್ಮ ಗುಡ್ಡೆಯಿಂದ ಆಕಾಶಕ್ಕೆ ಹಾರಿ ಬೇರೆ ದೇಶದಲ್ಲಿ ಇಳಿಯುತ್ತದೆ. ಇನ್‌ಮಾರ್‌ಸ್ಯಾಟ್ ಜಾಲಕ್ಕೆ ಗಾಜಿಯಾಬಾದಿನಲ್ಲಿ ಬಿಎಸ್ಎನ್ಎಲ್‌ನ ಗೇಟ್‌ವೇ (ಉಪಗ್ರಹದ ಸಂದೇಶವನ್ನು ಇಳಿಸಿಕೊಳ್ಳುವ ನೆಲದ ಕೇಂದ್ರ) ಇರುವುದರಿಂದ ಆ ಫೋನ್‌ಗಳನ್ನು ಮಾತ್ರ ಪರವಾನಗಿಯೊಂದಿಗೆ ಕೊಡುತ್ತಾರೆ. ಅದು ಹಡಗಿನವರು, ವಿಪತ್ತು ನಿರ್ವಹಣೆಯವರು ಕೊಳ್ಳುವ ವಸ್ತು. ಮರಗೆಣಸು ಕಾಯುವ ಕೃಷಿಕನ ಬಜೆಟ್ಟಿಗೆ ಹೊಂದುವುದಲ್ಲ.

ಸ್ಟಾರ್‌ಲಿಂಕ್‌ಗೆ 2025ರಲ್ಲಿ ಪರವಾನಗಿ ಸಿಕ್ಕಿತಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಮನೆಯ ಮಾಡಿನ ಮೇಲೆ ತಟ್ಟೆ ಇಟ್ಟು ಪಡೆಯುವ ಇಂಟರ್ನೆಟ್ ಸೇವೆಯ ಮಾತು. ಜೇಬಿನ ಯಂತ್ರಕ್ಕೂ ಆ ಪರವಾನಗಿಗೂ ಸಂಬಂಧವಿಲ್ಲ.

ಅಷ್ಟಕ್ಕೂ ಆ ಸಾಧನ ಮಾಡುವ ಕೆಲಸವೇನು?

ಗಾರ್ಮಿನ್ ಕಂಪನಿಯ ಇನ್‌ರೀಚ್ ಮಿನಿ ಎಂಬುದನ್ನೇ ತೆಗೆದುಕೊಳ್ಳಿ. ತೂಕ ನೂರು ಗ್ರಾಂ, ಗಾತ್ರ ಅಂಗೈಯೊಳಗೆ ಅಡಗುವಷ್ಟು. ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವ ಇರಿಡಿಯಂನ 66 ಉಪಗ್ರಹಗಳ ಮೂಲಕ ಅದು 160 ಅಕ್ಷರಗಳ ಸಂದೇಶ ಕಳುಹಿಸುತ್ತದೆ, ಉತ್ತರವನ್ನೂ ತರುತ್ತದೆ. ನಿಗದಿತ ನಿಮಿಷಕ್ಕೊಮ್ಮೆ ನೀವಿರುವ ಸ್ಥಳವನ್ನು ಮನೆಯವರಿಗೆ ತಿಳಿಸುತ್ತದೆ. ಅಪಾಯದಲ್ಲಿ ನೆರವು ಕೇಳುವ ಎಸ್ಒಎಸ್ ಗುಂಡಿ ಒತ್ತಿದರೆ ಹಗಲೂ ರಾತ್ರಿ ಎಚ್ಚರವಿರುವ ಒಂದು ಕೇಂದ್ರದವರು ನಿಮ್ಮೊಂದಿಗೆ ಸಂದೇಶದಲ್ಲೇ ಮಾತಾಡಿ, ಆ ಪ್ರದೇಶದ ರಕ್ಷಣಾ ತಂಡಕ್ಕೆ ಸುದ್ದಿ ಮುಟ್ಟಿಸುತ್ತಾರೆ.

ಅದಕ್ಕೆ ತೆರೆದ ಆಕಾಶ ಬೇಕು. ಪೊಸಡಿ ಗುಂಪೆಯ ತುದಿಯಲ್ಲೋ ಮುರಕಲ್ಲಿನ ಪದವಿನ ಮೇಲೋ ನಿಂತರೆ ಸಂದೇಶ ಬೇಗ ಹೋಗಬಹುದು. ಎರಡು ಗುಡ್ಡೆಗಳ ನಡುವಿನ ತೋಡಿನಲ್ಲಿ, ಒದ್ದೆ ಎಲೆಗಳ ದಟ್ಟ ಮರಗಳ ಕೆಳಗೆ ಹತ್ತಾರು ನಿಮಿಷ ಕಾಯಬೇಕಾಗುತ್ತದೆ. ಹಂದಿ ಅಡಗುವುದು ಪದವಿನಲ್ಲಲ್ಲ, ತೋಡಿನಲ್ಲೇ.

ಜಿಪಿಎಸ್ ಕೈಯಂತ್ರವೂ ನಿಷಿದ್ಧವೇ?

ಕೇವಲ ಸ್ಥಳ ತೋರಿಸುವ ಯಂತ್ರ ಉಪಗ್ರಹದ ಸಂಕೇತವನ್ನು ಸ್ವೀಕರಿಸುತ್ತದೆಯೇ ಹೊರತು ತಾನಾಗಿ ಏನನ್ನೂ ಕಳುಹಿಸುವುದಿಲ್ಲ. ನಿಮ್ಮ ಮೊಬೈಲಿನಲ್ಲಿರುವುದೂ ಅದೇ. ರೇಂಜ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಮನೆಯ ವೈಫೈಯಲ್ಲೇ ಊರಿನ ನಕ್ಷೆಯನ್ನು ಇಳಿಸಿಟ್ಟುಕೊಂಡರೆ ಸಾಕು. ಆದರೆ ಕೊಳ್ಳುವಾಗ ಎಚ್ಚರ: ಹೊರಗಿನಿಂದ ನೋಡಲು ಒಂದೇ ತರಹವಿರುವ ಎರಡು ಗಾರ್ಮಿನ್ ಯಂತ್ರಗಳಲ್ಲಿ ಒಂದು ಬರೀ ಜಿಪಿಎಸ್, ಇನ್ನೊಂದರಲ್ಲಿ ಇನ್‌ರೀಚ್ ಸೇರಿರುತ್ತದೆ. ಎರಡನೆಯದನ್ನು ಮುಟ್ಟಬೇಡಿ.

ಐಫೋನಿನಲ್ಲಿ ಉಪಗ್ರಹದ ಎಸ್ಒಎಸ್ ಇದೆಯಲ್ಲ?

ಐಫೋನ್ 14ರಿಂದ ಈಚಿನವುಗಳಲ್ಲಿ ಇದೆ. 2022ರ ನವೆಂಬರ್‌ನಲ್ಲಿ ಅಮೆರಿಕ, ಕೆನಡಾಗಳಲ್ಲಿ ಆರಂಭವಾದ ಸೇವೆ ಅದು. ಭಾರತದಲ್ಲಿ ಕೊಡುತ್ತಿಲ್ಲ. ಅದನ್ನು ನಂಬಿ ಗುಡ್ಡೆ ಹತ್ತಬೇಡಿ.

ನಮ್ಮ ಮೀನುಗಾರರ ಬೋಟುಗಳಲ್ಲಿ ಉಪಗ್ರಹಕ್ಕೆ ಸಂದೇಶ ಕಳುಹಿಸುವ ಯಂತ್ರವಿದೆ. ಅದು ಹೇಗೆ?

ಒಳ್ಳೆಯ ಪ್ರಶ್ನೆ. ಮಂಜೇಶ್ವರ, ಕಾಸರಗೋಡು ಕಸಬಾ ಕಡಪ್ಪುರದವರಿಗೆ ಗೊತ್ತಿರುವ ಆ ಯಂತ್ರ ಇಸ್ರೋ ರೂಪಿಸಿದ ಡಿಎಟಿ. 2010ರಿಂದ ಬಳಕೆಯಲ್ಲಿದೆ. ಸಮುದ್ರದಲ್ಲಿ ಅಪಾಯವಾದಾಗ ಗುಂಡಿ ಒತ್ತಿದರೆ ಸಂದೇಶ ಬೆಂಗಳೂರಿನ ಕೇಂದ್ರಕ್ಕೆ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಹೋಗುತ್ತದೆ. ಹಳೆಯ ಯಂತ್ರದಲ್ಲಿ ಸಂದೇಶ ಮುಟ್ಟಿತೋ ಇಲ್ಲವೋ ಎಂಬುದು ಬೋಟಿನವರಿಗೆ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ ಎರಡನೇ ಪೀಳಿಗೆಯಲ್ಲಿ "ಮುಟ್ಟಿದೆ" ಎಂಬ ಮರುಸಂದೇಶ ಬರುತ್ತದೆ. ಮುಳುಗುತ್ತಿರುವವನಿಗೆ ಆ ಒಂದು ಮಾತು ಎಷ್ಟು ದೊಡ್ಡದು!

ಆದರೆ ಅದು ನೋಂದಾಯಿತ ಬೋಟಿಗೆ ಕೊಟ್ಟ ಯಂತ್ರ. ಗುಡ್ಡೆಗೆ ಒಯ್ದು ಒತ್ತಿದರೆ ಕರಾವಳಿ ಪಡೆಯವರು ಕಡಲಿನಲ್ಲಿ ನಿಮ್ಮನ್ನು ಹುಡುಕುವ ಯೋಚನೆ ಮಾಡುತ್ತಾರೆ. ಕಡಲಿಗೆ ಕೊಟ್ಟಂತೆ ಕಾಡಂಚಿನ ಕೃಷಿಕರಿಗೂ, ಅರಣ್ಯ ಇಲಾಖೆಯ ವಾಚರ್‌ಗಳಿಗೂ ಒಂದು ಯಂತ್ರ ಕೊಡಬಾರದೇ? ಕೊಡಬೇಕು ಎನ್ನುವವರಲ್ಲಿ ನಾನೂ ಒಬ್ಬ. ಸಂದೇಶ ಸ್ವೀಕರಿಸುವ ಕೇಂದ್ರ ಬೆಂಗಳೂರಿನಲ್ಲಿ ಇದ್ದೇ ಇದೆ.

ಹಂದಿಗೆ ಈಡು ಹೊಡೆಯುವುದಕ್ಕೆ ನಿಜವಾಗಿ ಅನುಮತಿ ಇದೆಯೇ?

ಇದೆ, ಆದರೆ ಅದು ಬೇಟೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಪ್ರಾಣಕ್ಕೋ ಬೆಳೆಗೋ ಅಪಾಯ ತರುವ ಪ್ರಾಣಿಯನ್ನು ಅಧಿಕಾರಿಯ ಲಿಖಿತ ಆದೇಶದ ಮೇಲೆ ಕೊಲ್ಲಲು 11ನೇ ಸೆಕ್ಷನ್‌ನಲ್ಲಿ ದಾರಿಯಿದೆ. 2022ರಲ್ಲಿ ಕೇರಳ ಸರ್ಕಾರ ಹಂದಿಯ ವಿಷಯದಲ್ಲಿ ಈ ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಘೋಷಿಸಿ ಎಂಬ ಕೇರಳದ ಬೇಡಿಕೆಯನ್ನು ಕೇಂದ್ರ ಒಪ್ಪಲಿಲ್ಲ. ಆದ್ದರಿಂದ ಪ್ರತಿ ಸಲವೂ ಆದೇಶ ಬೇಕೇ ಬೇಕು.

ಹೊಡೆಯುವವರು ಪಟ್ಟಿಯಲ್ಲಿರುವ, ಪರವಾನಗಿಯ ಕೋವಿ ಉಳ್ಳವರಾಗಿರಬೇಕು. ಉರುಳು, ವಿಷ, ಸಿಡಿಮದ್ದು, ವಿದ್ಯುತ್ ತಂತಿ ಯಾವುದೂ ಕೂಡದು. ಅರಣ್ಯದೊಳಗೆ ಕಾಲಿಡುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಮನೆಗೆ ಬರುವಂತಿಲ್ಲ. ಚುನಾವಣೆ ಬಂತೆಂದರೆ ಕೋವಿಗಳೆಲ್ಲ ಪೊಲೀಸ್ ಠಾಣೆಯಲ್ಲಿ ಠೇವಣಿಯಾಗಿ ಕೂರುತ್ತವೆ. ಹಂದಿಗಳಿಗೆ ಮಾತ್ರ ನೀತಿ ಸಂಹಿತೆ ಅನ್ವಯಿಸುವುದಿಲ್ಲ.

ಕೆದ್ದಸದ ಬೋಂಟೆ, ತೆಯ್ಯಂಗೆ ಸಂಬಂಧಿಸಿದ ಬೇಟೆ ಆಚರಣೆಯಲ್ಲವೇ?

ಆಚರಣೆ ಹೌದು. ತುಳುವರ ಕೆದ್ದಸ ಹಬ್ಬದಲ್ಲಿ ಗಂಡಸರು ಬೋಂಟೆಗೆ, ಅಂದರೆ ಬೇಟೆಗೆ, ಹೊರಡುತ್ತಿದ್ದರು. ವಯನಾಟ್ಟು ಕುಲವನ್ ದೈವದ ತೆಯ್ಯಂಕೆಟ್ಟು ಉತ್ಸವದಲ್ಲೂ ಬೇಟೆಯ ಅಂಗವಿತ್ತು. ಆದರೆ ಕಾಯ್ದೆಯಲ್ಲಿ ಆಚರಣೆಗೆಂದು ರಿಯಾಯಿತಿ ಇಲ್ಲ. ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ.

ಯಂತ್ರವಿಲ್ಲದಿದ್ದರೆ ರೇಂಜ್ ಇಲ್ಲದ ಕಡೆ ಗತಿಯೇನು?

ಉಪಗ್ರಹ ಸಾಧನ ಮಾಡುವ ಕೆಲಸವನ್ನು ಬಿಡಿಸಿ ನೋಡಿದರೆ ಮೂರು ಸಂಗತಿಗಳು ಸಿಗುತ್ತವೆ: ನೀವು ಎಲ್ಲಿದ್ದೀರಿ ಎಂಬುದು ಒಬ್ಬರಿಗೆ ಗೊತ್ತಿರುವುದು, ಎಷ್ಟು ಹೊತ್ತಿಗೆ ಗಾಬರಿಯಾಗಬೇಕು ಎಂಬುದು ಅವರಿಗೆ ತಿಳಿದಿರುವುದು, ಗಾಬರಿಯಾದಾಗ ಯಾರನ್ನು ಕರೆಯಬೇಕೆಂದು ಮೊದಲೇ ತೀರ್ಮಾನವಾಗಿರುವುದು. ನಾವು ಹೋಗುವುದು ಅಲಾಸ್ಕದಂತೆ ವಾರಗಟ್ಟಲೆ ನಡೆಯುವ ಕಾಡಿಗಲ್ಲ. ತೋಟದಾಚೆಯ ಗುಡ್ಡೆಗೆ, ಹೆಚ್ಚೆಂದರೆ ಒಂದು ರಾತ್ರಿಯ ಮಟ್ಟಿಗೆ. ಇಲ್ಲಿ ಆ ಮೂರನ್ನೂ ಒಂದು ಚೀಟಿ ಮತ್ತು ಮನೆಯಲ್ಲಿ ಎಚ್ಚರವಿರುವ ಒಬ್ಬರು ನಿಭಾಯಿಸಬಹುದು.

ಚೀಟಿಯಲ್ಲಿ ಹೋಗುವವರ ಹೆಸರು, ಯಾರ ಜಾಗದಿಂದ ಯಾವ ತೋಡಿನ ಕಡೆಗೆ, ವಾಹನ ನಿಲ್ಲಿಸುವ ಸ್ಥಳ, ಮರಳುವ ಹೊತ್ತು ಬರೆದಿರಲಿ. "ಹನ್ನೆರಡಕ್ಕೆ ಕರೆ ಬರದಿದ್ದರೆ ಒಂದರವರೆಗೆ ಕಾಯಿರಿ, ಆಮೇಲೆ ಇಂಥವರಿಗೆ ಫೋನ್ ಮಾಡಿ" ಎಂದು ಗಂಟೆ ಹಾಕಿಯೇ ಬರೆಯಿರಿ. "ತಡವಾದರೆ ನೋಡಿ" ಎಂಬುದು ಯಾವ ಉಪಯೋಗಕ್ಕೂ ಬಾರದ ಮಾತು. ತಡವೆಂದರೆ ಹೆಂಡತಿಗೆ ಅರ್ಧ ಗಂಟೆ, ತಮ್ಮನಿಗೆ ಬೆಳಗಿನ ಜಾವ.

ರೇಂಜ್ ಎಲ್ಲಿದೆ ಎಂಬುದನ್ನು ಹಗಲಿನಲ್ಲೇ ಹುಡುಕಿಡಿ. ಗುಡ್ಡೆಯ ನೆತ್ತಿಯ ಯಾವ ಬಂಡೆಯ ಬಳಿ ಎರಡು ಗೆರೆ ಸಿಗುತ್ತದೆ, ಯಾವ ಕಂಪನಿಯ ಸಿಮ್‌ಗೆ ಸಿಗುತ್ತದೆ ಎಂದು ತಂಡದ ಎಲ್ಲರಿಗೂ ಗೊತ್ತಿರಬೇಕು. ಎಲ್ಲರದೂ ಒಂದೇ ಕಂಪನಿಯ ಸಿಮ್ ಆಗಿರದಿರುವುದು ಲೇಸು. ಕರೆ ಹೋಗದ ಕಡೆ ಎಸ್ಎಂಎಸ್ ಹೋಗುವುದುಂಟು. ಹಾಗಾಗಿ ವಾಟ್ಸ್ಆ್ಯಪ್ ನಂಬಿ ಕೂರದೆ ಸಾದಾ ಸಂದೇಶವನ್ನೇ ಪ್ರಯತ್ನಿಸಿ. ಸ್ಥಳ ಕಳುಹಿಸುವಾಗ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ನಂತರ ನಾಲ್ಕು ಅಂಕಿಗಳವರೆಗೆ ಬರೆದರೆ ಹತ್ತು ಹನ್ನೆರಡು ಮೀಟರಿನ ಅಂತರದಲ್ಲಿ ನಿಮ್ಮನ್ನು ತಲುಪಬಹುದು. ನಮ್ಮ ಜಿಲ್ಲೆಯಲ್ಲಿ ಅವು 12 ಮತ್ತು 75ರ ಆಸುಪಾಸಿನಲ್ಲಿ ಆರಂಭವಾಗುತ್ತವೆ. ಮೊದಲ ಅಂಕಿ 75 ಆಗಿದ್ದರೆ ಅದಲುಬದಲು ಮಾಡಿ ಬರೆದಿದ್ದೀರಿ ಎಂದರ್ಥ.

ನೆರೆಯವರಿಗೂ ಹೇಳಿ. ಇದನ್ನು ಬಹಳ ಮಂದಿ ಮರೆಯುತ್ತಾರೆ. ರಬ್ಬರ್ ಟ್ಯಾಪಿಂಗ್‌ನವರು ಬೆಳಗಿನ ಜಾವ ಮೂರು ನಾಲ್ಕಕ್ಕೇ ಹಣೆಗೆ ಟಾರ್ಚ್ ಕಟ್ಟಿಕೊಂಡು ತೋಟದೊಳಗೆ ಓಡಾಡುತ್ತಾರೆ. ಹಂದಿಯೆಂದು ಮನುಷ್ಯನಿಗೆ ಗುಂಡು ತಗುಲಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಸದ್ದು ಕೇಳಿ ಈಡು ಹೊಡೆಯುವವನನ್ನು ತಂಡದಲ್ಲಿ ಸೇರಿಸಲೇಬೇಡಿ. ಯಾವ ಉಪಗ್ರಹವೂ ಆ ಗುಂಡನ್ನು ಹಿಂದಕ್ಕೆ ಕರೆಯಲಾರದು.

ಕೊರಳಿಗೆ ಒಂದು ಸೀಟಿ ಕಟ್ಟಿಕೊಳ್ಳಿ. ಬಿದ್ದು ಕಾಲು ಮುರಿದವನಿಗೆ ಕೂ ಹಾಕಲು ಉಸಿರು ಸಾಲದು, ಸೀಟಿಗೆ ಸಾಲುತ್ತದೆ. ಮೂರು ಬಾರಿ ಊದಿದರೆ ಸಹಾಯ ಬೇಕೆಂದು ತಂಡದಲ್ಲಿ ಮೊದಲೇ ಮಾತಾಗಿರಲಿ.

ತಂಡದೊಳಗೆ ವಾಕಿಟಾಕಿ ಬಳಸಬಹುದೇ?

ಕೆಲವನ್ನು ಬಳಸಬಹುದು. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಪರವಾನಗಿ ಬೇಡ. ಆದರೆ ಆ ಮಾದರಿಗೆ ಸರ್ಕಾರದ ಸಲಕರಣೆ ಅನುಮೋದನೆ ಇರಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ, ಎಲ್ಲ ತರಂಗಗಳಲ್ಲೂ ಮಾತಾಡುವ ಚೀನೀ ಸೆಟ್‌ಗಳು ಇದರಲ್ಲಿ ಸೇರುವುದಿಲ್ಲ. ಅಂಥವನ್ನು ಮಾರುತ್ತಿದ್ದ ತಾಣಗಳಿಗೆ 2025ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೇ ಹೊರಡಿಸಿತು. ಪರವಾನಗಿ ಬೇಡದ ಸೆಟ್ಟಿನ ಸದ್ದು ಬಯಲಿನಲ್ಲಿ ಒಂದೆರಡು ಕಿಲೋಮೀಟರ್ ಹೋದೀತು, ಗುಡ್ಡೆ ಅಡ್ಡ ಬಂದರೆ ಅಷ್ಟೂ ಇಲ್ಲ. ಇಬ್ಬರು ಈಡುಗಾರರು ಪರಸ್ಪರ ಎಲ್ಲಿದ್ದಾರೆಂದು ತಿಳಿಯಲು ಅಷ್ಟು ಧಾರಾಳ ಸಾಕು.

ಆಸಕ್ತಿಯಿದ್ದವರು ಪರೀಕ್ಷೆ ಬರೆದು ಹ್ಯಾಮ್ (ಹವ್ಯಾಸಿ) ರೇಡಿಯೊ ಪರವಾನಗಿ ಪಡೆಯಬಹುದು. ಗುಡ್ಡಗಾಡಿನ ಒಂದೊಂದು ಪಂಚಾಯತಿಯಲ್ಲೂ ಒಬ್ಬಿಬ್ಬರು ಹ್ಯಾಮ್‌ಗಳಿದ್ದರೆ ಮಳೆಗಾಲದಲ್ಲಿ ಗುಡ್ಡೆ ಕುಸಿದಾಗಲೂ ಉಪಯೋಗಕ್ಕೆ ಬರುತ್ತಾರೆ.

112ಕ್ಕೆ ಕರೆ ಮಾಡಿದರೆ ಯಾರು ಎತ್ತುತ್ತಾರೆ?

ನಿಮ್ಮ ಸಿಮ್ಮಿನ ಕಂಪನಿಗೆ ರೇಂಜ್ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ಟವರ್ ಸಿಕ್ಕರೆ ತುರ್ತು ಕರೆ ಹೋಗುತ್ತದೆ. ಆದ್ದರಿಂದ ಪರದೆಯ ಮೇಲೆ ಗೆರೆ ಇಲ್ಲವೆಂದು ಕೈಬಿಡದೆ ಒಮ್ಮೆ ಒತ್ತಿ ನೋಡಿ. ಗಡಿಯಲ್ಲಿ ಒಂದು ತೊಡಕಿದೆ. ದೇಲಂಪಾಡಿಯ ಅಂಚಿನಲ್ಲೋ ಪಾಣತ್ತೂರಿನ ಮೇಲೋ ನಿಂತ ಮೊಬೈಲ್ ಕರ್ನಾಟಕದ ಟವರನ್ನು ಹಿಡಿದರೆ ಕರೆ ಆ ಕಡೆಯ ನಿಯಂತ್ರಣ ಕೊಠಡಿಗೆ ಹೋಗಬಹುದು. ಹಾಗಾಗಿ ಮೊದಲ ವಾಕ್ಯದಲ್ಲೇ "ಕೇರಳ, ಕಾಸರಗೋಡು ಜಿಲ್ಲೆ, ಇಂಥ ಪಂಚಾಯತಿ" ಎನ್ನಿ. ಗಾಯದ ವಿವರ ಆಮೇಲೆ. ಕೇರಳದ ಕಡೆ ಕರೆ ಹೋದರೆ ಅತ್ತಲಿಂದ ಮಲಯಾಳ ಕೇಳಿಸುತ್ತದೆ. ಕನ್ನಡ ಮಾತ್ರ ಬಲ್ಲ ಹಿರಿಯರು ತಂಡದಲ್ಲಿದ್ದರೆ ಮೂರು ನಾಲ್ಕು ಮಲಯಾಳ ವಾಕ್ಯಗಳನ್ನು ಅವರಿಗೆ ಕನ್ನಡ ಲಿಪಿಯಲ್ಲಿ ಬರೆದುಕೊಡಿ. ಭಾಷೆಯ ಹಕ್ಕಿನ ಹೋರಾಟ ಬೇರೆ, ರಾತ್ರಿ ಒಂದು ಗಂಟೆಗೆ ಆಂಬುಲೆನ್ಸ್ ತರಿಸುವುದು ಬೇರೆ.

ಹಾವು ಕಚ್ಚಿದರೆ, ಹಂದಿ ತಿವಿದರೆ?

ಹಾವು ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಳ್ಳಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಹೊತ್ತುಕೊಂಡೇ ರಸ್ತೆಗೆ ತನ್ನಿ. ಪ್ರತಿವಿಷ ಇರುವ ಆಸ್ಪತ್ರೆ ಯಾವುದು ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಕಚ್ಚಿದ ಮೇಲೆ ಊರೂರು ಅಲೆಯಬಾರದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾತ್ರ. ಘಟ್ಟದ ಬುಡದಲ್ಲಿ ಧಾರಾಳವಾಗಿರುವ ಮೂತಿಯುಬ್ಬಿದ ಸಣ್ಣ ಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಆದರೂ ಆಸ್ಪತ್ರೆ ಬಿಟ್ಟು ಬೇರೆ ದಾರಿಯಿಲ್ಲ. ಮೊಣಕಾಲಿನವರೆಗಿನ ಗಂಬೂಟು ಯಾವ ಯಂತ್ರಕ್ಕಿಂತಲೂ ಹೆಚ್ಚು ಜೀವ ಉಳಿಸೀತು.

ಹಂದಿ ದಾಡೆಯಿಂದ ತಿವಿಯುವುದು ತೊಡೆಗೆ. ದಪ್ಪ ಬಟ್ಟೆ ಇಟ್ಟು ಎರಡೂ ಕೈಗಳಿಂದ ಒತ್ತಿ ಹಿಡಿಯಿರಿ. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ.

ನಾನು ಕೆನಡಾದಲ್ಲಿದ್ದೇನೆ, ಸ್ನೇಹಿತರು ಬೇಟೆಗೆ ಕರೆಯುತ್ತಿದ್ದಾರೆ. ಅಲ್ಲಿ ಉಪಗ್ರಹ ಸಾಧನ ಒಯ್ಯಬೇಕೇ?

ಅಲ್ಲಿ ಖಂಡಿತ ಒಯ್ಯಬೇಕು. ಹೊರಡುವ ಮೊದಲು ಯಂತ್ರದ ಸೇವೆಗೆ ಕಟ್ಟುವ ಚಂದಾ ಸಕ್ರಿಯವಾಗಿದೆಯೇ ನೋಡಿ, ಮನೆಯಂಗಳದಲ್ಲಿ ನಿಂತು ಒಂದು ಸಾದಾ ಸಂದೇಶ ಕಳುಹಿಸಿ ಪರೀಕ್ಷಿಸಿ. ಎಸ್ಒಎಸ್ ಗುಂಡಿಯನ್ನು ಪರೀಕ್ಷೆಗಾಗಿ ಒತ್ತಬಾರದು. ಯಂತ್ರವನ್ನು ಚೀಲದ ತಳದಲ್ಲಿ ಇಡದೆ ಎದೆಯ ಪಟ್ಟಿಗೆ ಸಿಕ್ಕಿಸಿ. ಚೀಲ ಒಂದು ಕಡೆ, ನೀವು ಒಂದು ಕಡೆ ಬೀಳುವ ಸಂದರ್ಭವೇ ಅಪಾಯದ್ದು. ಚಳಿಯಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ, ರಾತ್ರಿ ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ.

ಚಂದಾ ಕಟ್ಟಲು ಮನಸ್ಸಿಲ್ಲದವರಿಗೆ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಇದೆ. ಅದಕ್ಕೆ ನೋಂದಣಿ ಸಾಕು. ಒಮ್ಮೆ ಚಾಲೂ ಮಾಡಿದರೆ ಕನಿಷ್ಠ 24 ಗಂಟೆ ಕೂಗುತ್ತಲೇ ಇರುತ್ತದೆ, ಆದರೆ ಉತ್ತರ ಓದಿ ತೋರಿಸುವುದಿಲ್ಲ. ಮಾತಾಡಿಸುವ ಯಂತ್ರವೇ ನನ್ನ ಆಯ್ಕೆ. "ಕಾಲು ಮುರಿದಿದೆ, ರಕ್ತಸ್ರಾವವಿಲ್ಲ, ಬೆಳಗಿನವರೆಗೆ ತಡೆಯಬಲ್ಲೆ" ಎಂದು ತಿಳಿದರೆ ಬರುವವರು ಬೇಕಾದ ತಯಾರಿಯೊಂದಿಗೆ ಬರುತ್ತಾರೆ.

ಅಲಾಸ್ಕ, ಮೊಂಟಾನಗಳಂಥ ಕಡೆ ಪ್ರಾಣಿಯ ಸುಳಿವನ್ನು ಇಂಥ ಸಾಧನದಿಂದ ಹೇಳಿಕೊಂಡು ಬೇಟೆಯಾಡುವುದು ನಿಷಿದ್ಧ. ನೆರವು ಕೇಳುವುದಕ್ಕೆ ಅಡ್ಡಿಯಿಲ್ಲ. ಇನ್ನೊಂದು ಮಾತು: ಅಮೆರಿಕದ ಪ್ರಜೆಯೂ ನಿವಾಸಿಯೂ ಅಲ್ಲದವರು ಅಲಾಸ್ಕದಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹೋಗಬೇಕಾದರೆ ಪರವಾನಗಿಯ ಗೈಡ್ ಜೊತೆಗಿರಬೇಕು.

ಊರಿಗೆ ಬರುವಾಗ ಆ ಯಂತ್ರ ಲಗೇಜಿನಲ್ಲಿದ್ದರೆ?

ಮಂಗಳೂರಿಗೆ ಇಳಿಯಿರಿ, ಕಣ್ಣೂರಿಗೆ ಇಳಿಯಿರಿ, ನಿಯಮ ಒಂದೇ. 2024ರ ಡಿಸೆಂಬರ್‌ನಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಗೋವಾ ವಿಮಾನ ನಿಲ್ದಾಣದಲ್ಲಿ ಇನ್‌ರೀಚ್ ಇದ್ದ ಕಾರಣಕ್ಕೇ ತಡೆದರು; ನ್ಯಾಯಾಲಯ, ದಂಡ ಎಲ್ಲ ಆಯಿತು. 2025ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಈ ನಿಷೇಧವನ್ನು ಪ್ರಯಾಣಿಕರಿಗೆ ತಿಳಿಸಬೇಕೆಂದು ವಿಮಾನ ಕಂಪನಿಗಳಿಗೆ ಸೂಚಿಸಿತು. ಯಂತ್ರವನ್ನು ಅಲ್ಲಿಯೇ ಸ್ನೇಹಿತರ ಮನೆಯಲ್ಲಿ ಬಿಟ್ಟು ಬನ್ನಿ. ಮರೆತು ತಂದಿದ್ದೀರಿ ಎಂದು ವಿಮಾನದಲ್ಲಿ ನೆನಪಾದರೆ ಕಸ್ಟಮ್ಸ್‌ನ ಕೆಂಪು ದಾರಿಗೆ ಹೋಗಿ ನೀವಾಗಿಯೇ ಹೇಳಿ. ಘೋಷಿಸಿದ ನಿಷಿದ್ಧ ವಸ್ತುವನ್ನು ಇಟ್ಟುಕೊಂಡು, ಮರಳಿ ಹೋಗುವಾಗ ಹಿಂದಿರುಗಿಸಲು 1962ರ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದ ಮೇಲೆ ಆ ಸೆಕ್ಷನ್ ನೆನಪಿಸಿಕೊಂಡು ಪ್ರಯೋಜನವಿಲ್ಲ.

ಯಂತ್ರ ಈಗಾಗಲೇ ಮನೆಯ ಕಪಾಟಿನಲ್ಲಿದೆ. ಏನು ಮಾಡಲಿ?

ಚಾಲೂ ಮಾಡಬೇಡಿ, "ಒಮ್ಮೆ ಪರೀಕ್ಷಿಸುತ್ತೇನೆ" ಎಂದೂ ಮಾಡಬೇಡಿ. ಹಳೆಯ ಸಾಮಾನು ಮಾರುವ ಆ್ಯಪ್‌ಗಳಲ್ಲಿ ಹಾಕಬೇಡಿ, ಈಡಿಗೆ ಹೋಗುವ ಗೆಳೆಯನಿಗೆ ಎರವಲು ಕೊಡಬೇಡಿ. ಎರಡರಿಂದಲೂ ತಪ್ಪು ದೊಡ್ಡದಾಗುತ್ತದೆ. ಕಾಸರಗೋಡಿನ ಪರಿಚಯದ ವಕೀಲರೊಬ್ಬರನ್ನು ಕಂಡು, ದೂರಸಂಪರ್ಕ ಇಲಾಖೆಗೆ ಹೇಗೆ ತಿಳಿಸಬೇಕು, ಎಲ್ಲಿ ಒಪ್ಪಿಸಬೇಕು ಎಂದು ಕೇಳಿ, ಅವರ ಮೂಲಕವೇ ಪತ್ರ ಕೊಡಿಸಿ. ಕೊಳ್ಳುವಾಗಿನ ರಸೀದಿ, ತಂದವರ ಪ್ರಯಾಣದ ಟಿಕೆಟ್ ಇದ್ದರೆ ಜೊತೆಗಿಟ್ಟುಕೊಳ್ಳಿ. ಚಂದಾ ಇನ್ನೂ ನಡೆಯುತ್ತಿದ್ದರೆ ತಂದವರಿಂದಲೇ ಅದನ್ನು ನಿಲ್ಲಿಸಿಸಿ; ಅದರ ದುಡ್ಡಿಗೆ ತಂಡದ ಎಲ್ಲರಿಗೂ ಸೀಟಿ, ಒಬ್ಬಿಬ್ಬರಿಗೆ ಗಂಬೂಟು ಬರುತ್ತದೆ.